ತೆರೆ ನೋಡಲು ಹೋದ ಬೇಸಿಗೆ

ಮೊನ್ನೆ ಬೆಳಿಗ್ಗೆ ನಮ್ಮ ಓಣಿಯ ಹಿಂದಿನ ನೀರಿನ ಟ್ಯಾಂಕು ತೊಳೆಯುತ್ತಿದ್ದರು. ಗಾಳಿ ನಮ್ಮ ಮನೆಯ ಕಡೆಗಿತ್ತು. ಬ್ಲೀಚಿಂಗ್ ಪೌಡರಿನ ವಾಸನೆ ಕಿಟಕಿಯಿಂದ ಒಳಗೆ ಬಂತು. ನಾನು ಕನ್ನಡಿಯ ಮುಂದೆ ಗಡ್ಡ ಮಾಡಿಕೊಳ್ಳುತ್ತಿದ್ದೆ. ಆ ವಾಸನೆಯ ಜೊತೆ ನೌಕರಿಯ ಕಾಲವನ್ನೆಲ್ಲ ಕಳೆದವನು ನಾನು. ಬಸವಕಲ್ಯಾಣದ ಓಣಿಗಳಿಗೆ ನೀರು ಬಿಡುವುದು ನನ್ನ ಕೆಲಸವಾಗಿತ್ತು. ಜನರ ಬಾಯಲ್ಲಿ ನಾನು ವಾಲ್‌ಮನ್. ಆದರೆ ಮೊನ್ನೆ ಆ ವಾಸನೆಗೆ ನೆನಪಾದದ್ದು ಪಂಪ್‌ಹೌಸ್ ಅಲ್ಲ. ನೀಲಿ ಬಣ್ಣದ ಒಂದು ದೊಡ್ಡ ಕೊಳ. ಜನರೆಲ್ಲ ಕೂಗುತ್ತ ಅದರೊಳಗೆ ಓಡುತ್ತಿದ್ದಾಗ, ಅವರ ನಡುವೆ ನುಸುಳಿಕೊಂಡು ಹೊರಗೆ ಓಡುತ್ತಿದ್ದ ನನ್ನ ಮೊಮ್ಮಗಳು ಸುಜಾತಾ. ಒಂದು ಕೆನ್ನೆಯ ಸೋಪು ಹಾಗೇ ಒಣಗಿತು.

ಅದು ಅವಳು ಐದನೇ ಇಯತ್ತೆ ಮುಗಿಸಿದ ಬೇಸಿಗೆ. ವಸತಿ ಶಾಲೆಯ ಪರೀಕ್ಷೆ ಬರೆದು ಪಾಸಾಗಿದ್ದಳು. ಜೂನ್ ತಿಂಗಳಿಗೆ ಪೆಟ್ಟಿಗೆ ಕಟ್ಟಿಕೊಂಡು ಹಾಸ್ಟೆಲ್ ಸೇರಬೇಕು. ಹೋಗಲು ಅವಳಿಗೆ ಮನಸ್ಸಿದೆಯೋ ಇಲ್ಲವೋ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕೇಳಿದರೆ ‘ಹ್ಞೂಂ’ ಅನ್ನುತ್ತಿದ್ದಳು. ಹೇಳಿದ ಕೆಲಸ ಹೇಳಿದ ಹೊತ್ತಿಗೆ ಮಾಡುವ ಹುಡುಗಿ. ಅವಳನ್ನು ಹಾಗೆ ಬೆಳೆಸಿದವನು ನಾನೇ ಎಂದು ನನ್ನ ಹೆಂಡತಿ ಶಾಂತಾಬಾಯಿ ಒಮ್ಮೊಮ್ಮೆ ಹೊಗಳಿಕೆಯಲ್ಲಿ ಹೇಳುತ್ತಿದ್ದಳು, ಒಮ್ಮೊಮ್ಮೆ ಬೈಗುಳದಲ್ಲಿ.

ನಮ್ಮ ಮನೆಯ ಶಿಸ್ತು ಸೀಟಿಯ ಶಿಸ್ತು. ನೌಕರಿಯಲ್ಲಿದ್ದಾಗ ನಾನು ನಸುಕಿನಲ್ಲೇ ಎದ್ದು, ವಾಲ್ ತಿರುಗಿಸುವ ಉದ್ದನೆಯ ಕಬ್ಬಿಣದ ಚಾವಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು, ಕೊರಳಲ್ಲಿ ಸೀಟಿ ಹಾಕಿಕೊಂಡು ಹೊರಡುತ್ತಿದ್ದೆ. ಯಾವ ಓಣಿಯ ಪಾಳಿಯೋ ಆ ಓಣಿಯ ಬಾಯಲ್ಲಿ ನಿಂತು ಒಂದು ಉದ್ದ ಸೀಟಿ ಊದಿದರೆ, ನೀರು ಬರುತ್ತದೆ, ಕೊಡ ಹೊರಗಿಡಿ ಎಂದರ್ಥ. ಎರಡು ಗಿಡ್ಡ ಸೀಟಿ ಊದಿದರೆ ಮುಗಿಯಿತು. ಬೇಸಿಗೆಯಲ್ಲಿ ಒಮ್ಮೆ ಪಾಳಿ ತಪ್ಪಿದರೆ ಮುಂದಿನ ವಾರದ ತನಕ ಕಾಯಬೇಕು. ನಾನು ನಿವೃತ್ತನಾದ ಮೇಲೆ ಬಂದ ಹೊಸ ಹುಡುಗನೂ ಅದೇ ಪದ್ಧತಿ ಇಟ್ಟುಕೊಂಡಿದ್ದಾನೆ. ಸೀಟಿ ಕೇಳಿದೊಡನೆ ನಮ್ಮ ಮನೆಯಲ್ಲಿ ಯಾರ ಕೈಯಲ್ಲಿ ಏನಿದ್ದರೂ ಅದನ್ನು ಇಟ್ಟು ನಳದ ಕಡೆ ಓಡಬೇಕು. ದೊಡ್ಡವರಿಗೆ ಕೊಡ, ಬಕೆಟ್ಟು. ಬಾಟಲಿಗಳು ಸುಜಾತಾಳ ಪಾಲಿಗೆ. ನಡೆಯಲು ಕಲಿತಾಗಿನಿಂದ ಆ ಕೆಲಸ ಅವಳದೇ. ಜ್ವರ ಬಂದು ಮಲಗಿದ್ದ ದಿನವೂ ಸೀಟಿ ಕೇಳಿ ಎದ್ದು ಬಾಟಲಿ ಹಿಡಿದು ಬಾಗಿಲಿಗೆ ಬಂದವಳು.

ಇಂಥ ಹುಡುಗಿಗೆ ಒಂದೇ ಒಂದು ಆಸೆ ಹುಟ್ಟಿತ್ತು. ಪಾಠದಲ್ಲಿ ಸಮುದ್ರ ಬಂದಿತ್ತು.

“ಮುತ್ಯಾ, ತೆರಿ ಅಂದ್ರ ಹ್ಯಾಂಗ ಇರ್ತದ?” ಎಂದು ಕೇಳಿದಳು.

ನಾನು ಸಮುದ್ರ ನೋಡಿದವನಲ್ಲ. ಶಾಂತಾಬಾಯಿಯನ್ನು ಕರೆದು, ಚಾದರದ ಎರಡು ತುದಿ ಅವಳಿಗೆ ಕೊಟ್ಟು, ಎರಡು ನಾನು ಹಿಡಿದು, ಅಂಗಳದಲ್ಲಿ ಮೇಲೆ ಕೆಳಗೆ ಬೀಸಿ ತೋರಿಸಿದೆ.

ಸುಜಾತಾ ಬಹಳ ಹೊತ್ತು ನೋಡಿದಳು. “ಇದು ಚಾದರ ಮುತ್ಯಾ” ಎಂದಳು.

ಕೆಲವು ದಿನಗಳ ಮೇಲೆ ಅವಳ ಗೆಳತಿ ಹೈದರಾಬಾದಿಗೆ ಮದುವೆಗೆ ಹೋಗಿ ಬಂದು ಫೋನಿನಲ್ಲಿ ಏನೋ ತೋರಿಸಿದಳು. ಊರ ಹೊರಗೆ ನೀರಿನ ಪಾರ್ಕು; ಅಲ್ಲಿ ಕಟ್ಟಿದ ಕೊಳದಲ್ಲಿ ಯಂತ್ರದಿಂದ ತೆರೆ ಎಬ್ಬಿಸುತ್ತಾರೆ. ಸುಜಾತಾ ಆ ದಿನ ಊಟಕ್ಕೆ ಕೂತಾಗ ತಾಟಿನಲ್ಲಿದ್ದ ಸಾರನ್ನು ಓರೆ ಮಾಡಿ, ಅದು ಅಂಚಿಗೆ ಬಂದು ಹಿಂದೆ ಹೋಗುವುದನ್ನೇ ನೋಡುತ್ತಿದ್ದಳು. ನಾನು ಹೇಳಿದೆ: “ಪರೀಕ್ಷಾ ಪಾಸ್ ಆಗು. ಹಾಸ್ಟೆಲ್‌ಗೆ ಹೋಗೂದರೊಳಗ ತೆರಿ ತೋರಸ್ತೀನಿ.” ಹೇಳಿದ ಮಾತನ್ನು ನಾನು ತಪ್ಪುವವನಲ್ಲ, ಅದು ಅವಳಿಗೂ ಗೊತ್ತಿತ್ತು.

ಪಿಂಚಣಿಯ ಮನೆ, ಹೋಗಿ ಬರುವುದೆಂದರೆ ಯೋಚಿಸಿ ಹೋಗಬೇಕು. ಮಗ, ಸೊಸೆ ಇಬ್ಬರೂ ಹುಮನಾಬಾದಿನ ಕಾರ್ಖಾನೆಯೊಂದರಲ್ಲಿ ಶಿಫ್ಟಿನ ಕೆಲಸದವರು, ಅವರಿಗೆ ರಜೆಯಿಲ್ಲ. ನಾನು ಪಾರ್ಕಿಗೆ ಫೋನು ಮಾಡಿದೆ. ವಾರದ ನಡುವೆ ಬಂದರೆ ಟಿಕೆಟ್ಟು ಅಗ್ಗ, ಮೊಮ್ಮಕ್ಕಳ ಜೊತೆ ಬರುವ ಅಜ್ಜ ಅಜ್ಜಿಯರಿಗೆ ಅದರಲ್ಲೂ ಅರ್ಧ ಎಂದು ಒಬ್ಬ ಹುಡುಗಿ ಹೇಳಿದಳು. ನಾನು ಮುಖ್ಯವಾದದ್ದನ್ನು ಕೇಳಿದೆ: ನೀರು ಎಷ್ಟು ಹೊತ್ತಿಗೆ ಬಿಡುತ್ತೀರಿ?

ಆಕೆ ನಕ್ಕಳು. “ಪಾನಿ ತೋ ದಿನ್‌ಭರ್ ರಹತಾ, ಅಂಕಲ್.”

ದಿನವಿಡೀ ನೀರು ಇರುತ್ತದಂತೆ. ನಾನು ನಂಬಲಿಲ್ಲ. ಬಿಡಿಸಿ ಕೇಳಿದಾಗ, ತೆರೆ ಮಾತ್ರ ದಿನಕ್ಕೆ ಎರಡೇ ಸಲ, ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ ಎಂದಳು. ಹಾಗನ್ನು, ಅದು ಪಾಳಿ. ನನಗೆ ಸಮಾಧಾನವಾಯಿತು. ಮಧ್ಯಾಹ್ನದ ತೆರೆ ನೋಡಿ, ನಾಲ್ಕರ ಬಸ್ಸು ಹಿಡಿದರೆ ರಾತ್ರಿ ಊಟದ ಹೊತ್ತಿಗೆ ಮನೆ. ಮರುದಿನ ನಸುಕಿಗೆ ನಮ್ಮ ಓಣಿಯ ನೀರು. ಶಾಂತಾಬಾಯಿಗೆ ಮೊಣಕಾಲು ನೋವು, ಕೊಡ ಎತ್ತಲಾರಳು. ಮಗ, ಸೊಸೆ ಬೆಳಗಿನ ಶಿಫ್ಟಿಗೆ ಅದೇ ಹೊತ್ತಿಗೆ ಹೊರಡುವವರು. ಹಾಗಾಗಿ ನಾನು ಮರಳಿ ಬರಲೇಬೇಕು. ಆ ವಾರದಲ್ಲಿ ಅರ್ಧ ಟಿಕೆಟ್ಟಿನ ದಿನವಾಗಿ ಉಳಿದದ್ದು ನೀರಿನ ಹಿಂದಿನ ಆ ಒಂದು ದಿನವೇ.

ಹತ್ತಿ ಬಟ್ಟೆಯಲ್ಲಿ ನೀರಿಗಿಳಿಯಲು ಬಿಡುವುದಿಲ್ಲ, ನೈಲಾನ್ ಬೇಕು ಎಂದಿದ್ದರು. ಅಲ್ಲಿ ಬಾಡಿಗೆಗೆ ಸಿಗುತ್ತದೆ, ಆದರೆ ಬಾಡಿಗೆಯ ಬಟ್ಟೆ ನಮಗೇಕೆ? ಕೋಟೆ ದಾರಿಯ ಮಸ್ತಾನ್ ಟೇಲರ್ ಹತ್ತಿರ ಹೋದೆವು. ಶಾಲೆಯ ಕಬಡ್ಡಿ ತಂಡಕ್ಕೆ ಹೊಲಿದು ಉಳಿದ ಹಳದಿ ಬಟ್ಟೆ ಅವನ ಹತ್ತಿರವಿತ್ತು. ಸುಜಾತಾಳ ಅಳತೆ ತೆಗೆದು, ಟೇಪು ನನ್ನ ಸೊಂಟದ ಕಡೆ ತಂದ.

“ನನಗ್ಯಾಕೋ? ನಾ ದಂಡಿ ಮ್ಯಾಲ ಕುಂದ್ರಾಂವ.”

“ಊರಿಗೆಲ್ಲಾ ನೀರ್ ಕುಡಿಸಿದ್ರಿ ಸಾಹೇಬ್ರ. ನೀವೊಬ್ರೇ ಒಣಾ ಕುಂದ್ರತೀರೇನ್ರಿ?”

“ಮಸ್ತಾನ್, ಸೂಜಿ ಕಡೆ ನೋಡಿ ಹೊಲಿ.”

“ಹೊಲೀತೀನ್ರಿ, ಹೊಲೀತೀನಿ. ಸುಜಾತಾಬಾಯಿ, ನಿಮ್ಮ ಮುತ್ಯಾಗ ನೀರ್ ಅಂದ್ರ ಅಂಜಿಕಿ ಏನ?”

“ಇಲ್ರಿ ಮಾಮಾ. ಮುತ್ಯಾ ನೀರಿಗಿ ಅಂಜಸ್ತಾನ” ಎಂದಳು ಸುಜಾತಾ. ಮಸ್ತಾನ್ ಬಾಯಲ್ಲಿದ್ದ ಗುಂಡುಪಿನ್ನು ಉದುರುವಂತೆ ನಕ್ಕ.

ಹೊರಡುವ ಹಿಂದಿನ ದಿನ ಒಂದು ರಿಹರ್ಸಲ್ ಮಾಡಿಸಿದೆ. ಚೀಲ ಹೆಗಲಿಗೆ ಹಾಕಿ, ಬಾಟಲಿ ಕೈಯಲ್ಲಿ ಹಿಡಿದು, ಮನೆಯಿಂದ ಬಸ್‌ಸ್ಟ್ಯಾಂಡಿಗೆ ಹೋಗಿ ಬಂದೆವು. ದಾರಿಯಲ್ಲಿ ಸಿಕ್ಕವರೆಲ್ಲ “ಎಲ್ಲಿಗಿ ಹೊಂಟೀರಿ?” ಎಂದರು. “ಎಲ್ಲಿಗೂ ಇಲ್ರಿ, ನಾಳಿಗಿ ಹೋಗತೀವಿ” ಎಂದು ಸುಜಾತಾ ಎಲ್ಲರಿಗೂ ಗಂಭೀರವಾಗಿ ಉತ್ತರ ಕೊಟ್ಟಳು.

ಮರುದಿನದ ಮೊದಲ ಬಸ್ಸು ಈಗ ನೆನೆದರೆ ಬಸ್ಸಿನಂತೆ ಅನ್ನಿಸುವುದಿಲ್ಲ, ದೋಣಿಯಂತೆ ಅನ್ನಿಸುತ್ತದೆ. ಇನ್ನೂ ಬೆಳಕಾಗಿರಲಿಲ್ಲ. ಕೋಟೆಯ ಗೋಡೆ ಕಪ್ಪಾಗಿ ಪಕ್ಕಕ್ಕೆ ಸರಿದುಹೋಯಿತು. ಬೇವಿನ ಹೂವಿನ ವಾಸನೆ ಬಂದು ಹೋಗುತ್ತಿತ್ತು. ಕಬ್ಬು ಕಡಿದ ಹೊಲಗಳಲ್ಲಿ ಒಣಗರಿಯ ರವದಿ ಸುಟ್ಟ ಕರಿ, ಅದರ ಮೇಲೆ ತೆಳ್ಳಗೆ ಮಂಜಿನಂಥ ಹೊಗೆ. ಹುಮನಾಬಾದಿನಲ್ಲಿ ಬಸ್ಸು ಬದಲಿಸಿದೆವು. ಅಡತಿ ಅಂಗಡಿಗಳ ಕಡೆ ಕಾಳು ಹೊತ್ತು ಹೋಗುವ ಲಾರಿಗಳಿಂದ ಉದುರಿದ ಜೋಳವನ್ನು ಪಾರಿವಾಳಗಳು ಆರಿಸುತ್ತಿದ್ದವು. ಹೈವೇಗೆ ಬಿದ್ದ ಮೇಲೆ ಕಾರ್ಖಾನೆಗಳ ಔಷಧದ ವಾಸನೆ. “ಅಪ್ಪನ ಅಂಗಿ ವಾಸನಿ” ಎಂದು ಸುಜಾತಾ ಕಣ್ಣು ಮುಚ್ಚಿಯೇ ಹೇಳಿದಳು. ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು:

“ಮುತ್ಯಾ, ಹಾಸ್ಟೆಲ್‌ದಾಗ ಸೀಟಿ ಊದತಾರೇನು?”

“ಅಲ್ಲಿ ಗಂಟಿ ಹೊಡೀತಾರ.”

“ಗಂಟಿ ಹೊಡದ್ರ ಎಲ್ಲಿ ಓಡಬೇಕು?”

“ಅವರು ಹೇಳ್ತಾರ.”

“ಹೇಳಲಿಲ್ಲಂದ್ರ?”

ನಾನು ಕಿಟಕಿಯ ಹೊರಗೆ ಕೈ ತೋರಿಸಿ, ಜಹೀರಾಬಾದ್ ಬಂತು ನೋಡು ಎಂದೆ. ಅವಳು ನಿದ್ದೆ ಹೋಗಿದ್ದಳು, ಅಥವಾ ಹೋದಂತೆ ಮಾಡಿದಳು.

ಪಾರ್ಕಿನ ಒಳಗೆ ಮನೆಯ ಬುತ್ತಿ ಒಯ್ಯುವಂತಿಲ್ಲ. ಅದನ್ನೂ ಕೇಳಿ ತಿಳಿದಿದ್ದೆ. ಗೇಟಿನ ಹೊರಗೆ ಒಂದು ಮರದ ಕೆಳಗೆ ಕೂತು ಜೋಳದ ರೊಟ್ಟಿ, ಶೇಂಗಾ ಹಿಂಡಿ ಹೊಟ್ಟೆ ತುಂಬ ತಿಂದೆವು. ಖಾಲಿ ಬಾಟಲಿಗೆ ಅಡ್ಡಿಯಿರಲಿಲ್ಲ. ಮಸ್ತಾನ್ ಕೊಟ್ಟ ಪೊಟ್ಟಣ ಬಿಚ್ಚಿದರೆ ಸುಜಾತಾಳ ಹಳದಿ ಬಟ್ಟೆಯ ಕೆಳಗೆ ಇನ್ನೊಂದು ಇತ್ತು. ದೊಡ್ಡದು. ಮೊಣಕಾಲು ಮುಟ್ಟುವ ಹಳದಿ ಚಡ್ಡಿ, ಬದಿಗೆ ನೀಲಿ ಪಟ್ಟಿ. ಸುಜಾತಾ ಬಾಯಿಗೆ ಕೈ ಅಡ್ಡ ಹಿಡಿದಳು. ನಾನು ಅದನ್ನು ಮಡಿಸಿ ಚೀಲದ ತಳಕ್ಕೆ ಹಾಕಿದೆ.

ಒಳಗೆ ಹೋದೆವು. ಎಲ್ಲಿ ನೋಡಿದರೂ ನೀರು. ಅಣಬೆಯ ಆಕಾರದ ಕೊಡೆಗಳಿಂದ ಸುರಿಯುತ್ತಿತ್ತು, ಕೊಳವೆಗಳಿಂದ ಧುಮುಕುತ್ತಿತ್ತು. ಒಂದು ದೊಡ್ಡ ಬಕೆಟ್ಟು ತನ್ನಷ್ಟಕ್ಕೆ ತುಂಬಿ ತನ್ನಷ್ಟಕ್ಕೆ ಮಗುಚುತ್ತಿತ್ತು, ಯಾರೂ ಕೆಳಗೆ ಕೊಡ ಹಿಡಿದಿರಲಿಲ್ಲ. ಕಸಬರಿಗೆ ಹಿಡಿದು ಬಂದ ಪಾರ್ಕಿನ ಕೆಲಸಗಾರನೊಬ್ಬನನ್ನು ನಿಲ್ಲಿಸಿ, ಇಷ್ಟು ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. “ಕಹಾಂ ಜಾತಾ ಚಾಚಾ? ವಹೀಚ್ ಪಾನಿ ಹೈ” ಎಂದ ಅವನು. ಅದೇ ನೀರು, ಕೆಳಗೆ ಹೋಗುತ್ತದೆ, ತೊಳೆದುಕೊಂಡು ಮತ್ತೆ ಮೇಲೆ ಬರುತ್ತದೆ. ಆಗ ನನ್ನ ಮೂಗಿಗೆ ಬ್ಲೀಚಿಂಗ್ ಪೌಡರಿನ ವಾಸನೆ ಬಂತು, ಊರವನೊಬ್ಬ ಸಿಕ್ಕ ಹಾಗೆ. ಅವನನ್ನು ಹೋಗಲು ಬಿಟ್ಟೆ.

ಸುಜಾತಾ ಮೊದಲು ಕಾಲ ಬೆರಳು ಅದ್ದಿದಳು. ಆಮೇಲೆ ಮೊಣಕಾಲು. ಸುರಿಯುವ ಕೊಡೆಯ ಕೆಳಗೆ ನಿಂತಾಗ ತಲೆಯನ್ನು ಗಡಿಬಿಡಿಯಿಂದ ತಿಕ್ಕಿಕೊಂಡಳು, ನಿಲ್ಲುವ ಮುಂಚೆ ಮುಗಿಸಬೇಕು ಎನ್ನುವಂತೆ. “ಸಾವಕಾಶ” ಎಂದು ದಡದಿಂದ ಕೂಗಿದೆ. ಆ ಶಬ್ದ ನನ್ನ ಬಾಯಲ್ಲಿ ನನಗೇ ಹೊಸದಾಗಿ ಕೇಳಿಸಿತು.

ಮಧ್ಯಾಹ್ನವಾಗುತ್ತಿದ್ದಂತೆ ತೆರೆಯ ಕೊಳಕ್ಕೆ ಬಂದೆವು. ನೀರು ಸುಮ್ಮನೆ ಮಲಗಿತ್ತು. ಸುಜಾತಾ ಅಂಚಿನ ಆಳವಿಲ್ಲದ ಕಡೆ ನಿಂತಳು. ನಾನು ಮೆಟ್ಟಿಲ ಮೇಲೆ ಕೂತೆ. ಕೆಳಗಿನ ಮೆಟ್ಟಿಲಲ್ಲಿ ಚಪ್ಪಲಿ, ಬಾಟಲಿ. ಕಾವಲುಗಾರ ಎತ್ತರದ ಕುರ್ಚಿಯ ಮೇಲೆ ಎದ್ದು ನಿಂತು ಸೀಟಿ ಬಾಯಿಗಿಟ್ಟ.

ಒಂದು ಉದ್ದ ಸೀಟಿ.

ಜನ ಹೋ ಎಂದು ನೀರಿಗೆ ನುಗ್ಗಿದರು. ನಾನು ಎದ್ದು ನಿಂತಿದ್ದೆ. ನನ್ನ ಬಲಗೈ ಸೈಕಲ್ಲಿಗೆ ಕಟ್ಟಿದ ಚಾವಿಯನ್ನು ಹುಡುಕುತ್ತಿತ್ತು, ಕಣ್ಣು ವಾಲ್ ಎಲ್ಲಿದೆ ಎಂದು ನೆಲ ನೋಡುತ್ತಿತ್ತು. ಅಷ್ಟರಲ್ಲಿ ಹಳದಿ ಬಟ್ಟೆಯೊಂದು ಗುಂಪನ್ನು ಸೀಳಿಕೊಂಡು ಎದುರು ದಿಕ್ಕಿಗೆ ಬಂತು. ಸುಜಾತಾ. ನನ್ನ ಕಾಲ ಬುಡದಿಂದ ಎರಡೂ ಬಾಟಲಿ ಬಾಚಿಕೊಂಡು, ಬರಿಗಾಲಲ್ಲಿ ಜನರ ನಡುವೆ ಮಾಯವಾದಳು.

ನಾನು ಅವಳ ಹಿಂದೆ ಓಡಿದೆ. ಎಲ್ಲೆಲ್ಲೋ ನೋಡಿದೆ. ಕೊನೆಗೆ ಬಟ್ಟೆ ಬದಲಿಸುವ ಕೋಣೆಗಳ ಹಿಂದೆ, ಕುಡಿಯುವ ನೀರಿನ ನಳಗಳ ಮುಂದೆ ಸಿಕ್ಕಳು. ಬಾಟಲಿಗಳನ್ನು ಸಾಲಾಗಿ ಇಟ್ಟು, ಸಾಲಿನ ತುದಿಯಲ್ಲಿ ಒಬ್ಬಳೇ ನಿಂತಿದ್ದಳು. ಏದುಸಿರು, ಮುಖದಲ್ಲಿ ಗೆಲುವು.

“ಮುತ್ಯಾ, ಯಾರೂ ಬಂದಿಲ್ಲ ನೋಡು. ನಾವೇ ಫಸ್ಟ್!”

ನಾನು ಬಾಯಿ ತೆರೆಯುವಷ್ಟರಲ್ಲಿ ಕೊಳದ ಕಡೆಯಿಂದ ಎರಡು ಗಿಡ್ಡ ಸೀಟಿ ಕೇಳಿಸಿತು. ಜನರ ಕೂಗು ಇಳಿಯಿತು. ಸುಜಾತಾ ಆ ಕಡೆ ನೋಡಿದಳು, ನಳದ ಕಡೆ ನೋಡಿದಳು, ನನ್ನ ಕಡೆ ನೋಡಿದಳು.

“ಅದು ತೆರೀದು ಸೀಟಿ ಆಗಿತ್ತೇನು?”

ನಾನು ಹೌದೆಂದು ತಲೆಯಾಡಿಸಿದೆ. ಅವಳು ಅಳಲಿಲ್ಲ. ಬಗ್ಗಿ ಬಾಟಲಿಗಳಿಗೆ ಮುಚ್ಚಳ ಹಾಕಿದಳು. ಗಟ್ಟಿಯಾಗಿ ತಿರುಗಿಸಿ ಹಾಕಿದಳು, ನಾನು ಕಲಿಸಿದಂತೆ. “ಇರ್ಲಿ ಮುತ್ಯಾ. ಬಸ್ಸಿಗಿ ಹೊತ್ತಾಗ್ತದ” ಎಂದಳು.

ಅತ್ತಿದ್ದರೆ ನಾನು ಸಮಾಧಾನ ಮಾಡಿ ಕರೆದುಕೊಂಡು ಹೊರಡುತ್ತಿದ್ದೆನೇನೋ. ಆ ‘ಇರ್ಲಿ’ ನನ್ನನ್ನು ಅಲ್ಲೇ ನಿಲ್ಲಿಸಿತು. ಸಂಜೆಯ ತೆರೆಗೆ ನಿಂತರೆ ನಾಲ್ಕರ ಬಸ್ಸು ಹೋಗುತ್ತದೆ. ಆಮೇಲಿನ ಬಸ್ಸು ಹುಮನಾಬಾದ್ ತನಕ ಮಾತ್ರ. ಅಲ್ಲಿ ಬೆಳಗಿನ ತನಕ ಬೆಂಚಿನ ಮೇಲೆ. ಊರು ಮುಟ್ಟುವಾಗ ಓಣಿಯ ನೀರು ಬಂದು ಹೋಗಿರುತ್ತದೆ. ನೌಕರಿಯಲ್ಲಿ ಒಂದು ದಿನವೂ ಪಾಳಿ ತಪ್ಪಿಸದವನು ನಾನು, ನನ್ನ ಮನೆಯ ಪಾಳಿಯನ್ನು ತಪ್ಪಿಸಬೇಕು. ಮನೆಗೆ ಫೋನು ಹಚ್ಚಿದೆ.

“ಬಸ್ ಹತ್ತಿದ್ರೇನ್ರಿ?” ಎಂದಳು ಶಾಂತಾಬಾಯಿ.

ನಡೆದದ್ದನ್ನು ಹೇಳಿದೆ. ಆ ಕಡೆಯಿಂದ ನಗು ಕೇಳಿಸಿತು, ನಗುವಿನ ಕೊನೆಗೆ ಮೂಗು ಏರಿಸಿದ ಸದ್ದು.

“ಬಾಟ್ಲಿ ತಗೊಂಡು ಓಡಿದಳಾ? ನನ್ನ ಕೂಸ... ನಿಲ್ರಿ, ಅಲ್ಲೇ ನಿಲ್ರಿ. ಜಲ್ಮ ಎಲ್ಲಾ ಮಂದಿ ನೀರಿಗಂತ ಎದ್ದು ಓಡಿದ್ರಿ. ಒಂದ್ ದಿನ ನೀರಿಗಾಗೇ ತಡಾ ಮಾಡಿ ಬರ್ರಿ.”

“ನಾಳಿ ನೀರು?”

“ನಾ ಒಂದೆರಡು ಸಣ್ಣ ಕೊಡ ತುಂಬತೀನಿ. ಉಳದದ್ದು ನೋಡ್ಕೊಂಡ್ರಾತು. ಮತ್ತ ನೀವೂ ಇಳೀರಿ. ಹುಡುಗಿ ಒಬ್ಬಾಕಿನ್ನ ಬಿಡಬ್ಯಾಡ್ರಿ.”

ನಾನು ಹೇಳಿರಲಿಲ್ಲ, ಆದರೂ ಅವಳಿಗೆ ಆ ಹಳದಿ ಚಡ್ಡಿಯ ಸುದ್ದಿ ಮೊದಲೇ ಗೊತ್ತಿತ್ತು ಎಂದು ನನಗೆ ಇವತ್ತಿಗೂ ಅನುಮಾನ.

ಬಟ್ಟೆ ಬದಲಿಸಿ ಹೊರಗೆ ಬಂದಾಗ ಸುಜಾತಾ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ಕಬಡ್ಡಿ ಮುತ್ಯಾ” ಎಂದಳು. ಆ ದಿನ ಅವಳು ಬಾಯಿ ಬಿಟ್ಟು ನಕ್ಕದ್ದು ಆಗಲೇ ಮೊದಲು.

ಸಂಜೆಯ ಬಿಸಿಲು ನೀರಿನ ಮೇಲೆ ಬೆಲ್ಲದ ಪಾಕದ ಬಣ್ಣ ಹಚ್ಚಿತ್ತು. ಇಬ್ಬರೂ ಕೈ ಹಿಡಿದು ಸೊಂಟದಷ್ಟು ನೀರಿನಲ್ಲಿ ನಿಂತೆವು. ಇಬ್ಬರಿಗೂ ಈಜು ಬಾರದು. ಬಾಟಲಿ, ಚೀಲ ಎಲ್ಲ ದೂರದ ಮೆಟ್ಟಿಲ ಮೇಲಿದ್ದವು. ಕಾವಲುಗಾರ ಎದ್ದು ನಿಂತ. ಅವಳ ಬೆರಳುಗಳು ನನ್ನ ಬೆರಳುಗಳ ನಡುವೆ ಬಿಗಿಯಾದವು.

ಉದ್ದ ಸೀಟಿ.

ಅವಳ ಮೈ ಮೆಟ್ಟಿಲ ಕಡೆ ತಿರುಗಿತು, ನನ್ನ ಮೈಯೂ. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದು ನಿಲ್ಲಿಸಿದೆವು.

“ಮುತ್ಯಾ, ಈ ಸೀಟಿಗಿ ಎಲ್ಲಿ ಓಡಬೇಕು?”

“ಒಳಗ” ಎಂದೆ. “ಈ ಸೀಟಿಗಿ ಒಳಗ ಓಡಬೇಕು. ಏನೂ ತುಂಬೂದಿಲ್ಲ.”

ಓಡಿದೆವು. ದೂರದ ಗೋಡೆಯ ಬುಡದಲ್ಲಿ ನೀರು ಉಸಿರು ಎಳೆದುಕೊಂಡಂತೆ ಒಮ್ಮೆ ತಗ್ಗಿತು, ಆಮೇಲೆ ಎದ್ದಿತು. ಅದು ಚಾದರದಂತಿರಲಿಲ್ಲ. ಎಮ್ಮೆಯ ಬೆನ್ನಿನಂತೆ ಉಬ್ಬಿ, ಸಾವಕಾಶ ನಮ್ಮ ಕಡೆ ನಡೆದು ಬಂತು. ಎದೆಗೆ ತಾಗಿತು. ನನ್ನ ಕಾಲು ನೆಲ ಬಿಟ್ಟಿತು. ಎಷ್ಟು ಹೊತ್ತು ಬಿಟ್ಟಿತ್ತೋ ಹೇಳಲಾರೆ. ಹೊತ್ತು ಹೇಳಲಾಗದ ಹೊತ್ತು ನನ್ನ ಬದುಕಿನಲ್ಲಿ ಅದೊಂದೇ. ಮೇಲೆ ಬೆಳಕು, ಕೆಳಗೆ ಬೆಳಕು, ಕಿವಿಯಲ್ಲಿ ನೀರಿನ ಗುಂಯ್ ಸದ್ದು. ಕತ್ತಲ ಓಣಿಗಳಲ್ಲಿ ಅಷ್ಟು ವರ್ಷ ನಾನು ಬಿಟ್ಟ ನೀರು, ಕೊಡಗಳೊಳಗೆ ಹೋಗಿ ಬಾಗಿಲು ಮುಚ್ಚಿಕೊಂಡ ನೀರು, ಎಲ್ಲ ಒಟ್ಟಾಗಿ ಎಲ್ಲಿಂದಲೋ ತಿರುಗಿ ಬಂದು, ವಾಲ್‌ಮನ್ ಸಾಹೇಬ್ರ, ಬರ್ರಿ ಎಂದು ಎತ್ತಿಕೊಂಡಂತೆ ಅನ್ನಿಸಿತು. ಪಕ್ಕದಲ್ಲಿ ಸುಜಾತಾ ಕೂಗುತ್ತಿದ್ದಳು. ಮಾತಲ್ಲ, ಬರೀ ಕೂಗು. ಅವಳ ಗಂಟಲಿನಲ್ಲಿ ಅಂಥ ದನಿಯೊಂದಿದೆ ಎಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇನ್ನೊಂದು ತೆರೆ ಬಂತು. ಇನ್ನೊಂದು. ಎರಡು ಗಿಡ್ಡ ಸೀಟಿ ಆದ ಮೇಲೂ ನೀರು ಬಹಳ ಹೊತ್ತು ತೂಗುತ್ತಲೇ ಇತ್ತು. ನಾವೂ ಅದರೊಳಗೆ ತೂಗುತ್ತ ನಿಂತಿದ್ದೆವು.

“ಬಂದ್ ಆತು ಅಂದ್ರೂ ನಿಂತಿಲ್ಲ ನೋಡು ಮುತ್ಯಾ” ಎಂದಳು.

ಊರಿಗೆ ಬಂದಾಗ ಓಣಿ ಒದ್ದೆಯಾಗಿತ್ತು, ನಳ ಒಣಗಿತ್ತು. ಶಾಂತಾಬಾಯಿ ತುಂಬಿದ ಎರಡು ಸಣ್ಣ ಕೊಡ ಬಾಗಿಲಲ್ಲಿದ್ದವು. ಹಂಡೆ, ಬಕೆಟ್ಟುಗಳು ಬೋರಲಾಗಿ ಮಲಗಿದ್ದವು. ಆ ವಾರ ನೀರನ್ನು ಹನಿ ಹನಿಯಾಗಿ ಬಳಸಿದೆವು. ಮಗ ಗೊಣಗಿದ, ಸೊಸೆ ಪಕ್ಕದ ಮನೆಯಿಂದ ಒಂದು ಕೊಡ ತಂದಳು. ಸುಜಾತಾಳ ಪಾಲಿಗೆ ಸ್ನಾನಕ್ಕೆ ಅರ್ಧ ಬಕೆಟ್ಟು. ಅವಳು ಬಚ್ಚಲಿಗೆ ಹೋದರೆ ಮೈಮೇಲೆ ನೀರು ಸುರಿದುಕೊಳ್ಳುವ ಸದ್ದು ಎಷ್ಟು ಹೊತ್ತಾದರೂ ಕೇಳಿಸುತ್ತಿರಲಿಲ್ಲ. ಬೇರೊಂದು ಸದ್ದು: ಛಳಕ್, ಛಳಕ್. ಬಾಗಿಲ ಸಂದಿಯಿಂದ ಕಂಡದ್ದನ್ನು ಶಾಂತಾಬಾಯಿ ನಗುತ್ತ ಬಂದು ಹೇಳಿದಳು. ಹುಡುಗಿ ಬಕೆಟ್ಟಿನ ಎರಡೂ ಅಂಚು ಹಿಡಿದು ಅತ್ತ ಇತ್ತ ತೂಗಿ, ನೀರು ಎದ್ದು ಅಂಚಿಗೆ ಬಂದು ಮರಳುವುದನ್ನು ನೋಡುತ್ತ ಕೂತಿದ್ದಳಂತೆ. ಒಂದು ಹನಿಯೂ ಹೊರಗೆ ಚೆಲ್ಲಿರಲಿಲ್ಲ.

ಜೂನ್ ಬಂತು. ಪೆಟ್ಟಿಗೆಯಲ್ಲಿ ಹಳದಿ ಬಟ್ಟೆಯನ್ನು ಎಲ್ಲಕ್ಕಿಂತ ಕೆಳಗೆ ಇಟ್ಟುಕೊಂಡು ಹೋದಳು. ಹಾಸ್ಟೆಲ್ ಗೇಟಿನಲ್ಲಿ ಗಂಟೆ ಹೊಡೆದಾಗ ನನ್ನ ಕೈ ಹಿಡಿದಿದ್ದಳು. ಹುಡುಗಿಯರೆಲ್ಲ ಯಾವ ಕಡೆ ಓಡುತ್ತಾರೆ ಎಂದು ಒಂದು ಕ್ಷಣ ನಿಂತು ನೋಡಿದಳು. ಆಮೇಲೆ ಕೈ ಬಿಟ್ಟು ಆ ಕಡೆಗೇ ಓಡಿದಳು.

ಅದಾಗಿ ಕೆಲವು ಬೇಸಿಗೆ ಕಳೆದಿವೆ. ಮೊನ್ನೆ ಟ್ಯಾಂಕು ತೊಳೆದ ಮೇಲೆ ನೀರು ಬಿಟ್ಟರು. ಉದ್ದ ಸೀಟಿ ಕೇಳಿತು, ಬಕೆಟ್ಟು ಹಿಡಿದು ಓಡಿದೆ, ತುಂಬಿದೆ, ಬಚ್ಚಲಿಗೆ ತಂದಿಟ್ಟೆ. ಬ್ಲೀಚಿಂಗ್ ವಾಸನೆ ನೀರಿನಿಂದ ಮೇಲೇಳುತ್ತಿತ್ತು. ಇನ್ನೊಂದು ಕೆನ್ನೆಯ ಗಡ್ಡ ಉಳಿದಿತ್ತು. ಆದರೂ ಕುಕ್ಕರಗಾಲಲ್ಲಿ ಕೂತು, ಬಕೆಟ್ಟಿನ ಎರಡೂ ಅಂಚು ಹಿಡಿದು ಮೆಲ್ಲಗೆ ತೂಗಿದೆ. ನೀರು ತಗ್ಗಿತು, ಎದ್ದಿತು, ಅಂಚಿಗೆ ಬಂತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಇನ್ನೊಮ್ಮೆ ತೂಗಿದೆ.

“ಏನ್ರಿ ಅದು ಸಪ್ಪಳ? ನೀರು ಚೆಲ್ಲಾಕತ್ತದೇನು?” ಒಳಗಿನಿಂದ ಶಾಂತಾಬಾಯಿ ಕೂಗಿದಳು.

“ಹೌದು” ಎಂದೆ. ತೆರೆ ಅಂಚು ದಾಟಿ ಬಂದು ನನ್ನ ಪಾದ ಮುಟ್ಟಿತು.